ಅವ್ವನ ಪಿಂಗಾಣಿ ಹಲ್ಲು

ನಮ್ಮ ಸೋದರಮಾವ ಎದುರಿಗೆ ಬಂದರೆ ಅರ್ಧ ಹೊಸಪೇಟೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಭಕ್ತಿಯಿಂದಲ್ಲ, ಭಯದಿಂದ! ನಮಸ್ಕಾರ ಎನ್ನುವಷ್ಟರಲ್ಲಿ, "ಎಡಗಡಿ ದವಡಿಹಲ್ಲು ಹುಳುಕಾಗೈತಿ, ಬರ್ರಿ" ಎಂದುಬಿಡುವ ಮನುಷ್ಯನ ಮುಂದೆ ಯಾರು ತಾನೆ ನಕ್ಕಾರು?

ಮದರಾಸಿನ ದಂತವೈದ್ಯರೊಬ್ಬರ ಬಳಿ ಹನ್ನೆರಡು ವರ್ಷ ದುಡಿದು, ಕಟ್ಟುಹಲ್ಲು ಮಾಡುವುದೊಂದನ್ನೇ ಕಲಿತು ಬಂದಿದ್ದ. ಹಲ್ಲು ಕೀಳುವುದೆಂದರೆ ಅವನಿಗೆ ತಾತ್ಸಾರ. "ಕೀಳೂದು ಕೋತಿಗೂ ಬರ್ತೈತಿ. ಕೂಡ್ರಿಸೂದು ಹೇಳು!"

ಕಂಪ್ಲಿಯ ಸಾಹುಕಾರರೊಬ್ಬರು ಹಾಲಿನಂಥ ಹಲ್ಲು ಬೇಕೆಂದರು. "ಅರವತ್ತು ವರ್ಷ ಎಲಿ-ಅಡಿಕಿ ತಿಂದ ಬಾಯಿರಿ ಸಾವ್ಕಾರ್ರ. ಬೆಳ್ಳನ ಹಲ್ಲಿಟ್ರ ಯಾರದೋ ಕದ್ದಂಗ ಕಾಣ್ತೈತಿ" ಎಂದು ತುಸು ಹಳದಿಯವನ್ನೇ ಕೂಡಿಸಿ ಕಳಿಸಿದ. ಸಾಹುಕಾರರು ತಿಂಗಳು ಮುನಿಸಿಕೊಂಡರು. ಅವು ಕಟ್ಟಿಸಿದ ಹಲ್ಲೆಂದು ಊರಲ್ಲಿ ಒಬ್ಬರಿಗೂ ಗೊತ್ತಾಗಿಲ್ಲವೆಂದು ತಿಳಿದ ಮೇಲೆ ಬಾಳೆಗೊನೆ ಕಳಿಸಿದರು. ಯಾರಿಗೂ ತಿಳಿಯದಿದ್ದರೇ ಗೆದ್ದಂತೆ ಎನ್ನುವ ಕಸುಬಿದು! ಹೊಗಳುವವರಾದರೂ ಯಾರು?

ನಮ್ಮ ಮನೆತನದಲ್ಲಿ ಬಿ.ಎ. ಕಂಡ ಮೊದಲಿಗ ನಾನು. ಮೆಟ್ರಿ ಹಳ್ಳಿಯ ಗದ್ದೆಯ ಕೆಸರಿನಿಂದ ಎದ್ದು ಮದರಾಸಿಗೆ ಹೋಗಿ ಓದಿದವನು. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಮಾವ ನನ್ನ ಪದವಿಯ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿ, "ಕೋರಿಹಲ್ಲು ಸೊಟ್ಟ ಐತಲೇ" ಎಂದ. ಅಷ್ಟೇ!

ಇಂಥವನ ಸ್ವಂತ ಅಕ್ಕನ, ಅಂದರೆ ನನ್ನ ಅವ್ವನ, ಬಾಯಿ ಬೋಳಾಗಿತ್ತು. ಎಲ್ಲರ ಊಟ ಮುಗಿದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಒಬ್ಬಳೇ ಕೂತು, ಸಾರಿನಲ್ಲಿ ನೆನೆಸಿದ ರೊಟ್ಟಿಯನ್ನು ಸೆರಗು ಮರೆಮಾಡಿಕೊಂಡು ನುಂಗುತ್ತಿದ್ದಳು. ನಮ್ಮೊಡನೆ ಉಣ್ಣಲು ಕೂತು ಐದು ವರ್ಷವಾಗಿತ್ತು. ಕಟ್ಟುಹಲ್ಲೆಂದರೆ ಸತ್ತವರ ಬಾಯಿಂದ ಕಿತ್ತವು ಎಂದು ಅವಳ ನಂಬಿಕೆ. ಕೊನೆಗೆ ಮಾವ ಮದರಾಸಿನಿಂದ ಬಂದ ಹಲ್ಲಿನ ಪಾರ್ಸಲನ್ನು ಅವಳ ಮುಂದೆಯೇ ಬಿಚ್ಚಿದ.

"ಪಿಂಗಾಣಿ ಇದು, ಅಕ್ಕ. ಚಾದ ಕಪ್ಪಿನ ಜಾತಿ."

"ಯಾವ ಹೆಣದ್ದೂ ಅಲ್ಲ?"

"ಅಲ್ಲ, ನಿನ್ನಾಣಿ."

"ಹಂಗಾರ ಮೆಲ್ಲಕ ಹಿಡಿ. ಬಿದ್ರ ಒಡದಾವು."

ಒಪ್ಪಿದಳೇನೋ ಸರಿ, ಅವಳ ಒಸಡು ಪೂರಾ ಸವೆದು ಚಪ್ಪಟೆಯಾಗಿತ್ತು. ಹಲ್ಲಿನ ಸೆಟ್ಟು ನಿಲ್ಲಲು ಆಧಾರವೇ ಇಲ್ಲ. ಮೊದಲನೆಯದು ಮಾತಾಡಿದರೆ ಜಾರಿತು. ಎರಡನೆಯದು ಬಾಯಿ ಹುಣ್ಣು ಮಾಡಿತು. "ಸಾಕೋ ತಮ್ಮಾ" ಎಂದಳು ಅವ್ವ. ನಾನೂ ತಿಳಿದವನಂತೆ, "ಬಿಡು ಮಾವ, ಆಗೂದಿಲ್ಲ" ಎಂದೆ.

"ಆಗೂದಿಲ್ಲ ಅನ್ನಾಕ ಬಿ.ಎ. ಬೇಕಾತೇನಲೇ?" ಎಂದ. ಮತ್ತೆ ಮೇಣದಲ್ಲಿ ಅಚ್ಚು ತೆಗೆದ. ಅರ ಹಿಡಿದು ಕೂದಲೆಳೆ ಲೆಕ್ಕದಲ್ಲಿ ಉಜ್ಜಿದ. ಹದಿನೈದು ದಿನ ಬೇರೆ ಯಾರ ಬಾಯಿಯನ್ನೂ ನೋಡಲಿಲ್ಲ.

ಮೂರನೆಯದನ್ನು ಹಾಕಿದಾಗ ಅವ್ವ ನಾಲಗೆ ಆಡಿಸಿ ನೋಡಿದಳು. ಒಳಗೆ ಹೋಗಿ ಮೂರು ತಾಟು ತಂದು ಸಾಲಾಗಿ ಇಟ್ಟು ಬಡಿಸಿದಳು. ನಮ್ಮಿಬ್ಬರ ನಡುವೆ ಕೂತು, ಒಣ ರೊಟ್ಟಿ ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದಳು.

"ನೀ ಉಣ್ಣೋ, ಪಲ್ಯ ಆರ್ತೈತಿ" ಎಂದಳು ತಮ್ಮನಿಗೆ.

ಮಾವ ಬಾಯಿಗಿಟ್ಟ ತುತ್ತು ಬಾಯಲ್ಲೇ ಇತ್ತು. ಅಕ್ಕನ ದವಡೆ ಆಡುವುದನ್ನೇ ನೋಡುತ್ತ ಕೂತಿದ್ದ.