ಗ್ಯಾರೇಜಿನಲ್ಲಿ ನುಂಗುವ ಗುಳಿಗೆ

ಔಷಧಿ ಅಂಗಡಿ ಇಟ್ಟವನು ನಗುವಿಗಾಗಿ ಬೇರೆಲ್ಲೂ ಹೋಗಬೇಕಾಗಿಲ್ಲ. ಕೌಂಟರಿನ ಹಿಂದೆ ಮುಖ ಬಿಗಿದು ನಿಂತರೆ ಸಾಕು, ಅದೇ ಬಾಗಿಲಿಗೆ ಬರುತ್ತದೆ. ನಾನು ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಓದಿ ಕೊಟ್ಟೂರಿಗೆ ಮರಳಿದವನು. ಓದಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮುಖ ಬಿಗಿಯುವ ವಿದ್ಯೆಯೇ. ಹೆಂಡತಿ ಗುಡೇಕೋಟೆಯಲ್ಲಿ ಶಿಕ್ಷಕಿ. ಕೂಡ್ಲಿಗಿಯಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದಾಳೆ. ಶನಿವಾರದ ಬಸ್ಸಿಗೆ ಬರುತ್ತಾಳೆ, ಸೋಮವಾರದ ಬಸ್ಸಿಗೆ ಹೋಗುತ್ತಾಳೆ. ಉಳಿದ ದಿನ ನನ್ನ ಕಣ್ಣಿಗೆ ಬೀಳುವುದು ಎದುರಿನ ಬೈಕ್ ಗ್ಯಾರೇಜು.

ಖಾಲಿ ಮನೆ

ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಆಗಷ್ಟೇ ಮದುವೆಯಾಗಿತ್ತು. ಹುಡುಗಿ ಹಡಗಲಿಯವಳು. ಇವನ ಮನೆಯಲ್ಲಿ ತಾಯಿ, ಇಬ್ಬರು ಅಣ್ಣಂದಿರು, ಅವರ ಹೆಂಡಿರು, ಮಕ್ಕಳು. ಇರುವುದು ಎರಡೇ ಕೋಣೆ. ರಾತ್ರಿ ಗಂಡಸರು ಹೊರಗೆ, ಹೆಂಗಸರು ಒಳಗೆ. ಮಾಳಿಗೆಯ ಮೇಲೆ ತಮಗೊಂದು ರೂಮು ಎಬ್ಬಿಸಬೇಕೆಂದು ಇವನು ಗೋಡೆ ಶುರು ಮಾಡಿದ್ದ. ಗೋಡೆ ಮೊಣಕಾಲಿನ ಮಟ್ಟಕ್ಕೆ ಬಂದು ನಿಂತಿತ್ತು.

ಒಂದು ದಿನ ಅಂಗಡಿ ಖಾಲಿಯಾಗುವುದನ್ನೇ ಕಾದು ಬಂದ.

"ಅಣ್ಣಾರ, ರೂಮ್ ಆಗೋತನಕ ಮಕ್ಕಳು ಬ್ಯಾಡ ಅಂತ ಇಬ್ರೂ ಮಾತಾಡ್ಕೊಂಡೀವಿ."

"ಮಾತಾಡಾಕ ಜಾಗ ಎಲ್ಲಿ ಸಿಕ್ತಲೇ ನಿಮಗ?"

"ಹಡಗಲಿ ಬಸ್ಸಿನಾಗ್ರಿ. ಒಂದು ಗುಳಿಗಿ ಐತಂತಲ್ಲ, ಅದನ್ನ ಕೊಡ್ರಿ. ಭಾಳ ಬ್ಯಾಡ. ಯಾರದಾರ ಮದುವಿಗೆ ಎಲ್ರೂ ಹೋದಾಗ ಮನಿ ಖಾಲಿ ಇರತೈತಿ. ಅವತ್ತಿಗೆ ಸಾಕು."

ಇದು ತಲೆನೋವಿನ ಗುಳಿಗೆಯಲ್ಲ, ಮೊದಲು ಡಾಕ್ಟರಿಗೆ ತೋರಿಸಬೇಕು, ಆಮೇಲೆ ದಿನಾ ಅದೇ ಹೊತ್ತಿಗೆ ನುಂಗಬೇಕು, ಮನೆ ತುಂಬಿರಲಿ ಖಾಲಿ ಇರಲಿ, ಎಂದೆ.

ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕಿದ.

"ಅಂದ್ರ ಇವತ್ತು ಮನಿ ಖಾಲಿ ಆಗತೈತಿ ಅಂತ ದಿನಾ ಆಸಿ ಇಟ್ಕೊಂಡು ನುಂಗಬೇಕು?"

"ಹೂಂ."

"ಗುಳಿಗಿ ಆಕಿ ನುಂಗಲಿ ಬಿಡ್ರಿ. ಆಸಿ ನಾ ಇಟ್ಕೋತೀನಿ."

ಬೀಡಿ

ಲೇಡಿ ಡಾಕ್ಟರು ಹುಡುಗಿಯ ಬಿ.ಪಿ. ನೋಡಿದರು. ಅರೆತಲೆನೋವು ಇದೆಯಾ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಎಂದೆಲ್ಲ ಕೇಳಿದರು. ಕೊನೆಗೆ, "ಬೀಡಿ, ಸಿಗರೇಟು ಸೇದ್ತೀಯೇನಮ್ಮಾ?"

ಹುಡುಗಿ ಗಂಡನ ಕಡೆ ಬೆರಳು ತೋರಿಸಿದಳಂತೆ. "ನನ್ನ ಪಾಲಿಂದೂ ಸೇರಿಸಿ ಇವರ ಸೇದ್ತಾರ್ರಿ."

ಮೀನಖಂಡ ಊದಿ ನೋವು ಬಂದರೆ, ಎದೆ ನೋವು, ಉಸಿರು ಕಟ್ಟುವುದು, ಹಿಂದೆಂದೂ ಬರದಂಥ ತಲೆನೋವು, ಕಣ್ಣು ಮಂಜಾಗುವುದು ಆದರೆ ಗುಳಿಗೆ ನಿಲ್ಲಿಸಿ ತಕ್ಷಣ ಬರಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಇವನು ದಿನಾ ಕೇಳತೊಡಗಿದ, "ಕಾಲು ನೋಯತೈತೇನು?" ಹಾಗೆ ಯಾರೂ ಅವಳನ್ನು ಆ ಮನೆಯಲ್ಲಿ ಕೇಳಿದ್ದಿಲ್ಲ.

"ನೋಯತೈತಿ ಅಂದ್ರ ಒತ್ತುತೀರೇನು?"

"ಗ್ಯಾರೇಜಿನಾಗ ಹೆಂಗ ಒತ್ತಲಿ?"

"ಹಂಗಾರ ನೋಯೋದಿಲ್ಲ ತಗೋರಿ."

ಪಾನಾ ಡಬ್ಬಿ

ಗ್ಯಾರೇಜಿನ ಮಾತು ಯಾಕೆ ಬಂತೆಂದರೆ, ಗುಳಿಗೆ ಇದ್ದದ್ದು ಅಲ್ಲಿ. ಮನೆಯಲ್ಲಿ ಅವಳದೆಂದು ಇದ್ದದ್ದು ಒಂದು ಟ್ರಂಕು. ಅದನ್ನು ಅಣ್ಣಂದಿರ ಮಕ್ಕಳು ದಿನಕ್ಕೊಮ್ಮೆ ಬಗೆದು ನೋಡುತ್ತಿದ್ದರು. ಹಾಗಾಗಿ ಗುಳಿಗೆಯ ಪಟ್ಟಿ ಗ್ಯಾರೇಜಿನ ಪಾನಾ ಡಬ್ಬಿಯಲ್ಲಿ, ಸ್ಪ್ಯಾನರುಗಳ ನಡುವೆ. ಮಧ್ಯಾಹ್ನ ಅವಳು ಬುತ್ತಿ ತರುತ್ತಿದ್ದಳು. ಇವನು ಷಟರನ್ನು ಅರ್ಧ ಇಳಿಸುತ್ತಿದ್ದ. ಹಳೇ ಬಸ್ಸಿನ ಸೀಟಿನ ಮೇಲೆ ಇಬ್ಬರೂ ಕೂರುತ್ತಿದ್ದರು. ನನ್ನ ಕೌಂಟರಿನಿಂದ ಷಟರಿನ ಕೆಳಗೆ ನಾಲ್ಕು ಪಾದಗಳಷ್ಟೇ ಕಾಣುತ್ತಿದ್ದವು, ಎರಡು ಕರಿ, ಎರಡು ತೊಳೆದವು. ಗುಳಿಗೆ ನುಂಗಲು ಒಂದು ಗುಟುಕು ನೀರು ಸಾಕು. ಅವರಿಗೆ ಒಂದು ಊಟದ ಹೊತ್ತು ಹಿಡಿಯುತ್ತಿತ್ತು.

ಒಮ್ಮೆ ಅವನು ಪಟ್ಟಿ ತಂದು ತೋರಿಸಿದ. ಗ್ರೀಸು ಮೆತ್ತಿತ್ತು. ತಗಡಿನ ಶೆಡ್ಡಿನ ಬಿಸಿಲಿಗೆ ಕಾದಿತ್ತು.

"ಇದನ್ನ ತಂಪು ಇರೋ ಕಡೆ, ಒಣ ಜಾಗದಾಗ ಇಡಬೇಕಲೇ."

ಮರುದಿನ ಗ್ಯಾರೇಜಿಗೆ ಹೊಸ ಮಣ್ಣಿನ ಮಡಕೆ ಬಂತು, ಅದರ ಪಕ್ಕ ಮುಚ್ಚಳದ ಡಬ್ಬಿ, ಮೇಲೊಂದು ಫ್ಯಾನು. ಗಿರಾಕಿಯೊಬ್ಬ ಬೆವರು ಒರೆಸುತ್ತ, "ಫ್ಯಾನ್ ಈ ಕಡೆ ತಿರುಗಿಸಪಾ" ಎಂದ.

"ಅದು ಸಾಮಾನಿಗೆ ಹಾಕಿದ್ದು ಕಾಕಾ. ಮನುಷ್ಯಾರಿಗಲ್ಲ."

ಶುಕ್ರವಾರ

ಶುಕ್ರವಾರ ಗ್ಯಾರೇಜು ಬಂದ್. ಗ್ಯಾರೇಜು ಬಂದ್ ಅಂದರೆ ಗುಳಿಗೆಯೂ ಬಂದ್. ಇದು ನನಗೆ ತಿಳಿದದ್ದು ತಡವಾಗಿ.

"ಶನಿವಾರ ಎರಡು ನುಂಗಿ ಬಿಡ್ತಾಳ್ರಿ. ಲೆಕ್ಕ ಸರಿ ಆತಲ್ಲ?"

ಅಪರೂಪಕ್ಕೆ ಒಂದು ಮರೆತರೆ ನೆನಪಾದ ಕೂಡಲೇ ನುಂಗಿ ಮುಂದುವರಿಯಬಹುದು. ಎರಡು, ಮೂರು ಸಾಲಾಗಿ ತಪ್ಪಿದರೆ ಡಾಕ್ಟರನ್ನು ಕೇಳಬೇಕು, ಒಂದು ವಾರ ನಿರೋಧ್ ಬಳಸಬೇಕು. ವಾರಕ್ಕೊಮ್ಮೆ ಮರೆಯುವುದು ಮರೆವಲ್ಲ, ರಜೆ. ಗುಳಿಗೆಗೆ ರಜೆ ಇಲ್ಲ ಎಂದೆ. ಶುಕ್ರವಾರದ್ದನ್ನು ಸೆರಗಿಗೆ ಕಟ್ಟಿಕೊಂಡು ಹೋಗಲಿ ಎಂದು ಉಪಾಯವನ್ನೂ ಹೇಳಿದೆ.

ಅವನಿಗೆ ಆ ಉಪಾಯ ಹಿಡಿಸಲಿಲ್ಲ. ನಮಾಜು ಮುಗಿಸಿ ಬಂದು ಶುಕ್ರವಾರವೂ ಗ್ಯಾರೇಜು ತೆಗೆಯತೊಡಗಿದ. ಅರ್ಜೆಂಟ್ ಕೆಲಸ ಐತಿ ಅಂತ ಮನೆಯಲ್ಲಿ ಹೇಳಿದ್ದನಂತೆ. ಗಿರಾಕಿ ಬರುತ್ತಿರಲಿಲ್ಲ. ತನ್ನ ಬೈಕನ್ನೇ ಬಿಚ್ಚಿ ಜೋಡಿಸುತ್ತ ಬುತ್ತಿಗೆ ಕಾಯುತ್ತಿದ್ದ. ಕೊಟ್ಟೂರಿನಲ್ಲಿ ಅಷ್ಟು ಸಲ ಸರ್ವಿಸ್ ಆಗಿ ಅಷ್ಟು ಕೆಟ್ಟ ಬೈಕು ಇನ್ನೊಂದಿಲ್ಲ.

ಗಂಡನ ಕೈ

ಸಿಕ್ಕಿಬಿದ್ದದ್ದೂ ಒಂದು ಶುಕ್ರವಾರವೇ. ಮಗ ಇಷ್ಟು ದುಡಿಯುತ್ತಾನಲ್ಲ ಎಂದು ಕರಗಿದ ತಾಯಿ, ಸೊಸೆಯ ಹಿಂದೆಯೇ ಚಹಾ ಹಿಡಿದು ಬಂದಳು. ಸೊಸೆಯ ಅಂಗೈಯಲ್ಲಿ ಗುಳಿಗೆ.

"ಏನದು?"

ಮಗ ಸ್ಪ್ಯಾನರು ಹಿಡಿದೇ ಹೇಳಿದ, "ಮಕ್ಕಳ ವಿಷಯದ ಗುಳಿಗಿ ಅಮ್ಮೀ. ಡಾಕ್ಟ್ರು ಕೊಟ್ಟಾರ." ಸುಳ್ಳಲ್ಲ.

ತಾಯಿಯ ಕಣ್ಣು ಅರಳಿತು. "ಹಂಗಾರ ಇಲ್ಯಾಕ? ಮನ್ಯಾಗ ಇಡು. ನಾನ ಕೊಡ್ತೀನಿ."

"ಇಲ್ಲ ಅಮ್ಮೀ. ಇದನ್ನ ಗಂಡನ ಕೈಯಿಂದಾನ ತಗೋಬೇಕಂತ."

ಇದು ಸುಳ್ಳು. ಅಂದಿನಿಂದ ಅತ್ತೆಯೇ ಸೊಸೆಯನ್ನು ಹೊತ್ತಿಗೆ ಸರಿಯಾಗಿ ಹೊರಡಿಸುತ್ತಿದ್ದಳು. ಮಳೆ ಬಂದರೆ ಕೊಡೆ ಹಿಡಿದು ತಾನೇ ಬಿಟ್ಟು ಹೋಗುತ್ತಿದ್ದಳು. ಗರ್ಭ ತಡೆಯುವ ಗುಳಿಗೆಗೆ ಇಷ್ಟು ಶ್ರದ್ಧೆಯ ಪ್ರಚಾರಕರನ್ನು ನಾನು ಕಂಡಿಲ್ಲ. ಆದರೂ ತಿಂಗಳುಗಳು ಕಳೆದಾಗ ಆಕೆಯೇ ನನ್ನ ಕೌಂಟರಿಗೆ ಬಂದು ನಿಂತಳು.

"ಏನಪಾ, ಇಷ್ಟು ದಿನ ಆತು, ನಿನ್ನ ಗುಳಿಗಿ ಕೆಲಸ ಮಾಡವಲ್ದು."

ಮುಖ ಬಿಗಿದೆ. ಗಿರಾಕಿಯ ಗುಟ್ಟನ್ನು ತಾಯಿಗೂ ಹೇಳುವಂತಿಲ್ಲ. "ಅದು ತನ್ನ ಕೆಲಸ ಸರಿಯಾಗೇ ಮಾಡಾಕತ್ತೈತಮ್ಮಾ."

ಗಂಡನ ಕೈಯಿಂದಲೇ ತೆಗೆದುಕೊಳ್ಳಬೇಕೆಂಬ ನಿಯಮ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ರಾತ್ರಿ ಫೋನಿನಲ್ಲಿ ಹೆಂಡತಿಗೆ ಇದನ್ನು ಹೇಳಿದೆ. ಆಕೆ ನಗುತ್ತಾಳೆ ಅಂದುಕೊಂಡಿದ್ದೆ.

"ಇರಬೇಕಿತ್ತು ನೋಡ್ರಿ ಆ ನಿಯಮ. ವರ್ಗಾವಣಿ ಅರ್ಜಿಗೆ ಕಾರಣ ಅಂತ ಬರೀಬಹುದಿತ್ತು," ಎಂದಳು.

ರಂಜಾನ್

ಉಪವಾಸದ ತಿಂಗಳು ಬಂತು. ಬುತ್ತಿ ಇಲ್ಲ, ಹಗಲು ನೀರೂ ಇಲ್ಲ. ಗುಳಿಗೆಯನ್ನು ಇಫ್ತಾರ್ ಆದ ಮೇಲೆ ನುಂಗಬಹುದು, ಕೆಲವು ತಾಸು ಹಿಂದೆ ಮುಂದೆ ಆದರೆ ಚಿಂತೆಯಿಲ್ಲ, ಆಮೇಲೆ ತಿಂಗಳಿಡೀ ಅದೇ ಹೊತ್ತು ಇರಲಿ ಎಂದೆ.

"ಅದು ಸರಿ ಅಣ್ಣಾರ. ಆ ಹೊತ್ತಿಗೆ ಮನಿಗೇ ಬಂದು ಕೊಡು ಅಂತಾಳ ಅಮ್ಮಿ. ಆಕಿ ಗ್ಯಾರೇಜಿಗೆ ಬರಾಕ ಏನು ನೆವ?"

"ಅದು ಔಷಧಿ ಅಂಗಡ್ಯಾಗ ಸಿಗೋದಿಲ್ಲ."

ನೆವ ಹುಡುಕಿದ್ದು ಹುಡುಗಿ. ದಿನಾ ಸಂಜೆ ಗ್ಯಾರೇಜಿನ ಸಾಲಿನವರಿಗೆಲ್ಲ ಎಂದು ಖರ್ಜೂರ, ಭಜಿ ಹೊತ್ತು ತಂದಳು. ವೆಲ್ಡಿಂಗಿನವನು, ಪಂಕ್ಚರಿನವನು, ನಾನು, ಎಲ್ಲರೂ ತಿಂದು ಕೊಬ್ಬಿದೆವು. ಆಮೇಲೆ ಷಟರು ಅರ್ಧ ಇಳಿಯುತ್ತಿತ್ತು. ಒಂದು ಗುಳಿಗೆಗಾಗಿ ಒಂದು ಬೀದಿಯೇ ಉಂಡದ್ದು ಅದೇ ಮೊದಲು.

ಹೊಸ ರೂಮು

ಕೊನೆಗೂ ರೂಮು ಎದ್ದು ನಿಂತಿತು. ಬಾಗಿಲು, ಒಳಗಿನ ಚಿಲಕ, ಹೊಸ ಫ್ಯಾನು. ಚಿಲಕವನ್ನು ಹರಪನಹಳ್ಳಿಯಿಂದ ತಂದು ಮೊದಲು ನನಗೇ ತೋರಿಸಿದ್ದ, ಬಂಗಾರ ತೋರಿಸುವ ಹಾಗೆ. ಇಬ್ಬರೂ ಡಾಕ್ಟರ ಹತ್ತಿರ ಹೋಗಿ, ಇನ್ನು ಮಗು ಬೇಕು ಎಂದರು. ಕೈಯಲ್ಲಿರುವ ಪಟ್ಟಿ ಮುಗಿಸಿ ನಿಲ್ಲಿಸಿ ಎಂದರು ಡಾಕ್ಟರು.

ಷಟರು ಇಳಿಯುವುದು ನಿಂತಿತು. ಬುತ್ತಿಯನ್ನು ಇವನೇ ಬೆಳಿಗ್ಗೆ ಕಟ್ಟಿಕೊಂಡು ಬರುತ್ತಿದ್ದ. ನನಗೂ ಮಧ್ಯಾಹ್ನದಲ್ಲಿ ಏನೋ ಕಡಿಮೆ ಬಿದ್ದ ಹಾಗಿತ್ತು. ವಾರ ಕಳೆಯುವಷ್ಟರಲ್ಲಿ ಅವನೇ ಜೋಲು ಮುಖ ಹಾಕಿಕೊಂಡು ಬಂದ.

"ಅಣ್ಣಾರ, ದಿನಾ ನುಂಗೋದು ಬ್ಯಾರೆ ಯಾವುದಾರ ಗುಳಿಗಿ ಐತೇನ್ರಿ?"

"ಯಾಕಲೇ? ರೂಮ್ ಐತಲ್ಲ ಈಗ?"

"ರೂಮ್ ಐತ್ರಿ. ಗಾಳಿ ಚಲೋ ಬರತೈತಿ ಅಂತ ಅಮ್ಮಿ ಹಾಸಿಗಿ ಮ್ಯಾಲ ತಂದಾಳ. ಆಕಿ ಹಿಂದ ನಮ್ಮಣ್ಣಂದಿರ ಮಕ್ಕಳೆಲ್ಲ ಬಂದಾರ. ಚಿಲಕ ಒಳಗಿಂದ ಅವರ ಹಾಕ್ತಾರ."

ಡಾಕ್ಟರ ಚೀಟಿ ನೋಡಿದೆ. ಮಗು ಬಯಸುವವಳು ದಿನಾ ತೆಗೆದುಕೊಳ್ಳಬೇಕಾದ ಫೋಲಿಕ್ ಆ್ಯಸಿಡ್ ಅದರಲ್ಲೇ ಇತ್ತು. ಇವನು ಕೊಂಡಿರಲಿಲ್ಲ. ಕೊಟ್ಟೆ. ಅದನ್ನು ಎದೆಗೆ ಒತ್ತಿಕೊಂಡು ರಸ್ತೆ ದಾಟಿದ. ಮರುದಿನ ಷಟರು ಅರ್ಧ ಇಳಿಯಿತು, ನಾಲ್ಕು ಪಾದಗಳು ಕಂಡವು.

ಆ ಹೊತ್ತಿಗೇ ತಾಯಿ ನನ್ನ ಕೌಂಟರಿಗೆ ಬಂದಳು.

"ಹೊಸ ರೂಮು, ಹೊಸ ಫ್ಯಾನು, ಎಲ್ಲಾ ಸವಲತ್ತು ಮಾಡಿಕೊಟ್ಟೀವಿ. ನಾನೂ ಅಲ್ಲೇ ಮಲಗಿ ಕಣ್ಣಾಗ ಕಣ್ಣಿಟ್ಟು ನೋಡ್ಕೊಳ್ಳಾಕತ್ತೀನಿ. ಆದ್ರೂ ಏನೂ ಇಲ್ಲಂದ್ರ, ನಿನ್ನ ಗುಳಿಗ್ಯಾಗ ದೋಷ ಐತಿ."

ಈ ಸಲ ಮುಖ ಬಿಗಿಯಲಾಗಲಿಲ್ಲ. "ಗುಳಿಗಿ ಸರಿ ಐತಮ್ಮಾ. ನೀವು ಹಾಸಿಗಿ ಕೆಳಗ ಇಳಸ್ರಿ."

ಆಕೆ ನನ್ನನ್ನು ನೋಡಿದಳು. ಎದುರಿನ ಅರ್ಧ ಷಟರನ್ನು ನೋಡಿದಳು. ಹಣೆ ಬಡಿದುಕೊಂಡು, "ಹೌದಲ್ಲೋ! ಮೊದಲ ಹೇಳಬಾರದಾ?" ಎಂದು ಸರಸರ ಮನೆಗೆ ಹೋದಳು. ಆ ಸಂಜೆಯೇ ಹಾಸಿಗೆ ಕೆಳಗಿಳಿಯಿತಂತೆ. ಓದಿದ್ದು ಕೊನೆಗೂ ಒಬ್ಬರಿಗೆ ಉಪಯೋಗವಾಯಿತು ಅಂದುಕೊಂಡೆ.

ಮರುದಿನ ಮಧ್ಯಾಹ್ನ ನೋಡಿದರೆ ಮತ್ತೆ ಷಟರು ಅರ್ಧ ಇಳಿದಿದೆ. ತಾಯಿ ಮೊಣಕಾಲಿನ ಮುಲಾಮಿಗೆ ಬಂದಿದ್ದಳು.

"ಹಾಸಿಗಿ ಇಳಿಸಿದ್ರೇನಮ್ಮಾ?"

"ಇಳಿಸಿದೆನಪಾ, ನೀ ಹೇಳಿದ ಮ್ಯಾಲ ಬಿಡ್ತೀನೇನು?" ಮುಲಾಮು ಸೆರಗಿಗೆ ಕಟ್ಟುತ್ತ ತೃಪ್ತಿಯಿಂದ ಹೇಳಿದಳು. "ಹುಡುಗರನ್ನ ಮಾತ್ರ ಅಲ್ಲೇ ಬಿಟ್ಟೀನಿ. ಪಾಪ, ಅಷ್ಟು ದೊಡ್ಡ ರೂಮಿನಾಗ ಇಬ್ರ ಮಲಗಿದ್ರ ಬ್ಯಾಸರ ಆಗತೈತಲ್ಲ."