ಜಯಘೋಷ ಪ್ಯಾಕೇಜು ಪ್ರತಿಷ್ಠಾಪನೆಯಾದದ್ದು

ಬಹಳ ಹಿಂದೆ, ಅಂದರೆ ಯಾರ ಪಾಸ್‌ವರ್ಡೂ ಯಾರಿಗೂ ನೆನಪಿಲ್ಲದಷ್ಟು ಹಿಂದೆ, ಅಪ್ಪಣಾವತಿ ಎಂಬ ರಾಜ್ಯವಿತ್ತು. ಅದರ ಅರಸ ಸರ್ವೋನ್ನತವರ್ಮ. ಎಂಟು ದಿಕ್ಕುಗಳನ್ನೂ ಗೆದ್ದವನೆಂದು ಬಿರುದಿತ್ತು. ಯಾವಾಗ ಗೆದ್ದ ಅಂತ ನನ್ನನ್ನು ಕೇಳಬೇಡಿ ಮಾರಾಯರೇ, ನಾನು ಹೊಟ್ಟೆಪಾಡಿಗೆ ಪತ್ರಿಕೆಗೆ ಬರೆಯುವವನು.

ಕೋಟೆ ಬಾಗಿಲು ತೆರೆಯುವುದರಿಂದ ಹಿಡಿದು ಊರಿಗೆ ನೀರು ಬಿಡುವ ತನಕ ಅಲ್ಲಿ ಎಲ್ಲವನ್ನೂ ಅರಮನೆಯ ಕಂಪ್ಯೂಟರೇ ಮಾಡುತ್ತಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಪ್ಯಾಕೇಜು. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪು ಮಾಡಿದರೆ ಪ್ಯಾಕೇಜು ಬಂದು ಕೂರುತ್ತಿತ್ತು, ಇನ್ನೊಂದು ಸಾಲಿಗೆ ಎದ್ದು ಹೋಗುತ್ತಿತ್ತು. ಆದರೆ ಅವು ಒಂಟಿಯಾಗಿ ಬರುತ್ತಿರಲಿಲ್ಲ. ಬಾಗಿಲಿನ ಪ್ಯಾಕೇಜಿಗೆ ಗಡಿಯಾರದ್ದು ಬೇಕು, ಗಡಿಯಾರದ್ದಕ್ಕೆ ಪಂಚಾಂಗದ್ದು ಬೇಕು. ಬೀಗರೊಬ್ಬರನ್ನು ಕರೆದರೆ ಅವರ ಕಡೆಯವರೆಲ್ಲ ಊಟಕ್ಕೆ ಬಂದ ಹಾಗೆ. ಯಾವುದಕ್ಕೆ ಯಾವುದು ಬೇಕು, ಯಾವುದಕ್ಕೆ ಯಾವುದು ಆಗಿಬರುವುದಿಲ್ಲ ಎಂಬುದು ಗೊತ್ತಿದ್ದದ್ದು ಆಜ್ಞೆ ಟೈಪು ಮಾಡುತ್ತಿದ್ದ ನೀಲಗಂಗಮ್ಮನಿಗೆ ಮಾತ್ರ.

ಒಂದು ದಿನ ಅರಸನ ಕಿವಿಗೆ ಸುದ್ದಿ ಬಿತ್ತು. ಪಕ್ಕದ ರಾಜ್ಯಕ್ಕೆ 'ಜಯಘೋಷ' ಎಂಬ ಪ್ಯಾಕೇಜು ಬಂದಿದೆಯಂತೆ; ಅರ್ಧ ಗಂಟೆಗೊಮ್ಮೆ ಊರಿನ ಲೌಡ್‌ಸ್ಪೀಕರುಗಳೆಲ್ಲ ತಾವಾಗಿಯೇ ಅರಸನನ್ನು ಹೊಗಳುತ್ತವಂತೆ.

"ನಮಗೂ ಬೇಕು. ಈಗಲೇ," ಎಂದ ಅರಸ.

"ಎಂಥಾ ದೂರದೃಷ್ಟಿ ಮಹಾಪ್ರಭು! ಪ್ರಜೆಗಳ ಗಂಟಲಿಗೂ ವಿಶ್ರಾಂತಿ ಸಿಕ್ಕಂತಾಯಿತು," ಎಂದ ಪ್ರಧಾನ ಅಮಾತ್ಯ ತ್ರಿಲೋಚನಯ್ಯ.

ನೀಲಗಂಗಮ್ಮ ಅರಸನ ಸಮ್ಮುಖದಲ್ಲಿ ಆಜ್ಞೆ ಟೈಪು ಮಾಡಿದಳು. ಪರದೆ ಉತ್ತರ ಕೊಟ್ಟಿತು: 'ಜಯಘೋಷಕ್ಕೆ ಹೊಸ ಶಂಖ ಬೇಕು. ಹೊಸ ಶಂಖ ಬಂದರೆ ಹಳೆಯ ಶಂಖ ಹೋಗುತ್ತದೆ. ಹಳೆಯ ಶಂಖವನ್ನು ನಂಬಿದ ತೂಬು ಸಹಿತ ನಲವತ್ತೊಂದು ಪ್ಯಾಕೇಜುಗಳು ಹೋಗುತ್ತವೆ. ಮುಂದುವರಿಯಲೇ? ಹೌದು, ಇಲ್ಲ.'

ಶಂಖ ಎಂದರೆ ಸದ್ದು ಹೊರಡಿಸುವ ಪ್ಯಾಕೇಜು. ತೂಬು ಎಂದರೆ ದಿನಾ ಬೆಳಿಗ್ಗೆ ಒಮ್ಮೆ ಶಂಖ ಊದಿಸಿ, ಕೆರೆಯ ಬಾಗಿಲೆತ್ತಿ, ಊರಿಗೆ ಕುಡಿಯುವ ನೀರು ಬಿಡುವ ಪ್ಯಾಕೇಜು.

ಇಲ್ಲೊಂದು ಪದ್ಧತಿಯ ವಿಷಯ ಹೇಳಬೇಕು. ಅರಸನ ಎದುರಿಗೆ ಯಾರೂ 'ಇಲ್ಲ' ಎನ್ನುವಂತಿರಲಿಲ್ಲ. ಅಡಿಗೆಯಲ್ಲಿ ಉಪ್ಪಿದೆಯೇ ಎಂದು ಕೇಳಿದರೆ ಬಾಣಸಿಗ "ದಾರಿಯಲ್ಲಿದೆ ಪ್ರಭು" ಎನ್ನುತ್ತಿದ್ದ. ಸೈನ್ಯವಿದೆಯೇ ಎಂದರೆ ಸೇನಾಪತಿಯೂ ಅದನ್ನೇ ಹೇಳುತ್ತಿದ್ದ.

ನೀಲಗಂಗಮ್ಮ ಕೀಲಿಮಣೆಯಿಂದ ಕೈ ತೆಗೆದಳು. "ಮಹಾಪ್ರಭು, ತಪ್ಪು ತಿಳೀಬೇಡಿ. ತೂಬು ಹೋದ್ರೆ ಊರಿಗೆ ತೊಟ್ಟು ನೀರೂ ಸಿಗಲ್ಲ. ಕೈಲಿ ತಿರುಗಿಸೋ ಚಕ್ರಾನೂ ಹೋದ ವರ್ಷ ಕಿತ್ತು ವಸ್ತುಸಂಗ್ರಹಾಲಯದಲ್ಲಿ ಇಟ್ಬಿಟ್ರಿ. ನಾನು ಒಲ್ಲೆ ಅಂತ ಒತ್ತಿಬಿಡ್ತೀನಿ, ಅಪ್ಪಣೆ ಕೊಡಿ."

ನೀರಿನ ಮಾತು ಅರಸನ ಕಿವಿಗೇ ಹೋಗಿರಲಿಲ್ಲ.

"ತ್ರಿಲೋಚನಯ್ಯ, ಈ ಪೆಟ್ಟಿಗೆ ನಮ್ಮನ್ನು ಪ್ರಶ್ನೆ ಕೇಳಿತೇ?"

"ಪರದೇಶದ ಸಾಮಾನು ಪ್ರಭು, ಸಂಸ್ಕಾರ ಸಾಲದು. ನಾವು ಕಲಿಸೋಣ."

ಅಲ್ಲೇ ನಿರೂಪ ಹೊರಟಿತು: 'ಇನ್ನು ಮುಂದೆ ಪ್ರತಿಯೊಂದು ಆಜ್ಞೆಯ ಕೊನೆಯಲ್ಲಿ ಎಲ್ಲಕ್ಕೂ ಹೌದು ಎಂದು ಮೊದಲೇ ನಮೂದಿಸತಕ್ಕದ್ದು. ಯಂತ್ರವು ಶ್ರೀಮನ್ಮಹಾರಾಜರ ಅಭಿಪ್ರಾಯ ಕೇಳತಕ್ಕದ್ದಲ್ಲ.' ನೀಲಗಂಗಮ್ಮ ಒತ್ತಲಿಲ್ಲ. ಅಮಾತ್ಯನೇ ಬಗ್ಗಿ, ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಟೈಪು ಮಾಡಿದ. ಪರದೆ ಈ ಸಲ ಏನೂ ಕೇಳಲಿಲ್ಲ. ನಲವತ್ತೊಂದು ಹೆಸರುಗಳು ಸರಸರನೆ ಮೇಲೆ ಸರಿದು ಹೋದವು. ಬೀದಿಯಲ್ಲಿ ಲೌಡ್‌ಸ್ಪೀಕರುಗಳು ಜಯ ಜಯ ಎಂದವು.

ಮರುದಿನ ನಲ್ಲಿಯಲ್ಲಿ ಗಾಳಿ ಬಂತು. ಅದರ ಮರುದಿನ ಅದೂ ಬರಲಿಲ್ಲ. ನೀಲಗಂಗಮ್ಮ ಅಮಾತ್ಯನ ಮನೆ ಬಾಗಿಲಿಗೇ ಹೋದಳು.

"ಬುದ್ಧೀ, ಜಯಘೋಷ ತೆಗೆದು ಹಳೇ ಶಂಖ, ತೂಬು ವಾಪಸು ಹಾಕಣ. ಜನ ಸಾಯ್ತಾರೆ."

"ಅರಸರ ಜಯವನ್ನ ತೆಗೆಯೋದೇ? ಏನಮ್ಮಾ, ತಲೆ ನೆಟ್ಟಗಿದೆಯಾ ನಿಂಗೆ?" ಎಂದ ತ್ರಿಲೋಚನಯ್ಯ. ಸಂಜೆಯೊಳಗೆ ಆಕೆಯ ಕಡತದ ಮೇಲೆ 'ಯಾರಿಗೂ ಬೇಡದ ಪ್ಯಾಕೇಜು' ಎಂದು ಷರಾ ಬರೆದು ಕೆಲಸದಿಂದ ತೆಗೆದರು.

ಒಂದೇ ಒಂದು ಪ್ರಶ್ನೆಯೂ ಏಳದಂತೆ ತಂತ್ರಜ್ಞಾನ ಅಳವಡಿಸಿದ ಭೂಮಂಡಲದ ಮೊದಲ ದೊರೆ ಎಂಬ ಕಾರಣಕ್ಕೆ ಸರ್ವೋನ್ನತವರ್ಮನಿಗೆ 'ನಿರ್ವಿಘ್ನಚಕ್ರವರ್ತಿ' ಎಂಬ ಬಿರುದು ಕೊಟ್ಟು, ಹೊಸ ಕಿರೀಟ ತೊಡಿಸಿ, ಸಾರೋಟಿನಲ್ಲಿ ಮೆರವಣಿಗೆ ಹೊರಡಿಸಿದರು. ದಾರಿಯ ಎರಡೂ ಬದಿ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಎರಡು ಹರದಾರಿ ಆಚೆಯ ಕೆರೆಯಿಂದ ನೀರು ಹೊತ್ತು ಬರುತ್ತಿದ್ದವರನ್ನು ಸಾರೋಟು ಬಂತೆಂದು ಪೇದೆಗಳು ತಡೆದಿದ್ದರು.

"ಆಹಾ, ಪೂರ್ಣಕುಂಭ!" ಎಂದು ಅರಸ ಕಣ್ಣೊರೆಸಿಕೊಂಡ. "ಇಷ್ಟೊಂದು ಪ್ರೀತಿಯೇ?"

"ಸಾರೋಟಿನ ಗಾಲಿ ತೊಳೆಯುವ ಭಾಗ್ಯಕ್ಕಾಗಿ ಕಾದಿದ್ದಾರೆ ಪ್ರಭು," ಎಂದ ತ್ರಿಲೋಚನಯ್ಯ, ಮತ್ತು ಪೇದೆಗಳ ಕಡೆ ಹುಬ್ಬು ಹಾರಿಸಿದ.

ಸಾಲಿನಲ್ಲಿ ನೀಲಗಂಗಮ್ಮನೂ ಇದ್ದಳು. ಪಕ್ಕದಲ್ಲಿ ನೆರೆಮನೆಯ ಸಾಕವ್ವ.

"ಮನೇಲಿ ಮಗಳು ಬಾಣಂತಿ ಕಣವ್ವಾ, ಬೆಳಿಗ್ಗೆಯಿಂದ ಗಂಟಲಿಗೆ ನೀರಿಲ್ಲ," ಎಂದಳು ಸಾಕವ್ವ. "ಅದನ್ನ ಸರಿ ಮಾಡಕ್ಕೆ ಎಷ್ಟು ದಿನ ಬೇಕಂತೆ?"

"ಒಂದು ಸಾಲು ಆಜ್ಞೆ ಸಾಕವ್ವಾ. ಅರ್ಧ ನಿಮಿಷ."

"ಸುರೀರಮ್ಮಾ, ಬೇಗ!" ಎಂದು ಪೇದೆ ಕೋಲು ಕುಟ್ಟಿದ. ಇಬ್ಬರೂ ಗಾಲಿಗೆ ಕೊಡ ಬಗ್ಗಿಸಿದರು.