ಬಾಗಿಲಿಗಿಂತ ಅಗಲವಾದ ಧ್ವನಿಪೆಟ್ಟಿಗೆ

ಮದುವೆಯಾದ ವರ್ಷವೇ ನನ್ನ ಗಂಟಲಿನ ಧ್ವನಿಪೆಟ್ಟಿಗೆ ಕೆಲಸ ನಿಲ್ಲಿಸಿತು. (ವೈದ್ಯರಿಗೆ ತೋರಿಸಿಲ್ಲ, ಕಾರಣ ಮನೆಯಲ್ಲೇ ಇದೆ.) ಹದಿನೆಂಟು ವರ್ಷ ಕಾದು ಕಾದು, ಕೊನೆಗೆ ಹೊರಗಿನಿಂದ ಎರಡು ಧ್ವನಿಪೆಟ್ಟಿಗೆ ತಂದೆ. ಮುಚ್ಚಿಹೋದ ಚಿತ್ರಮಂದಿರವೊಂದರ ಹಳೇ ಸ್ಪೀಕರುಗಳು. ಒಂದೊಂದೂ ನನ್ನ ಭುಜದೆತ್ತರ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಳು. ಶಾಲೆಯಲ್ಲಿ ಲೆಕ್ಕದ ಟೀಚರು ಅವಳು. ಏನನ್ನು ಕಂಡರೂ ಮೊದಲು ಕಳೆಯುತ್ತಾಳೆ.

"ಇದೇನು, ಬೀರುವಾ?"

"ಸ್ಪೀಕರು. ಅರವತ್ತು ವರ್ಷ ಹಳೇದು."

"ಹಾಡುತ್ತಾ?"

"ಈಗ ಹಾಡಲ್ಲ. ರಿಪೇರಿ ಮಾಡಬೇಕು."

"ಹಾಗಾದರೆ ಸ್ಪೀಕರೂ ಅಲ್ಲ. ಬೀರುವಾದರೂ ಆಗಿದ್ದರೆ ಬಟ್ಟೆ ಇಡಬಹುದಿತ್ತು."

ನಾನು ಸುಮ್ಮನಾದೆ. (ಮೇಲೆ ಹೇಳಿದ ಗಂಟಲಿನ ತೊಂದರೆ.)

ಮಾರನೇ ದಿನದಿಂದಲೇ ಜೀರ್ಣೋದ್ಧಾರ ಮಹಾಕಾರ್ಯ ಶುರುವಾಯಿತು. ಸೋಫಾ ವರಾಂಡಕ್ಕೆ ಗಡೀಪಾರಾಯಿತು. ಸ್ಪೀಕರಿನೊಳಗಿನ ಕಾಗದದ ಕೋನ್‌ಗಳನ್ನು ಇಲಿಗಳು ತಿಂದು ಸುಖವಾಗಿದ್ದವು. ಅವಕ್ಕೆ ಅಂಟು ಹಚ್ಚಿ ತೇಪೆ ಹಾಕಿದೆ. ತೊಡಕಾದದ್ದು ಅಂಚಿನಲ್ಲಿ. ಕೋನ್ ಸುತ್ತ ಮೆತ್ತನೆ ಚರ್ಮದ ಬಳೆಯೊಂದಿರುತ್ತದೆ. ಅದು ಪುಡಿಪುಡಿಯಾಗಿತ್ತು. ಅಂಥ ತೆಳುವಾದ ಚರ್ಮಕ್ಕಾಗಿ ಇಡೀ ಪೇಟೆ ಸುತ್ತಿದೆ. ಎಲ್ಲೂ ಇಲ್ಲ. ಇದ್ದದ್ದು ಒಂದೇ ಕಡೆ: ನಮ್ಮ ಕಪಾಟಿನಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಹೆಂಡತಿಯ ಕೈಚೀಲದಲ್ಲಿ. ಅವಳ ಅಣ್ಣ ಉಡುಗೊರೆ ಕೊಟ್ಟದ್ದು. ಹಾಳಾದೀತೆಂದು ಅವಳು ಒಂದು ದಿನವೂ ಹೊರಗೆ ತೆಗೆದಿರಲಿಲ್ಲ.

ಕತ್ತರಿ ತಾನಾಗಿಯೇ ಆಡಿತು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಚೀಲದ ಹಿಂಬದಿ ಕತ್ತರಿಸಿಕೊಂಡೆ, ಮುಂಬದಿಗೆ ಹಳೇ ಪೇಪರು ತುರುಕಿ, ಮೊದಲಿನಂತೆ ಬಟ್ಟೆ ಸುತ್ತಿ ಇಟ್ಟೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಮನುಷ್ಯನಾಗಿರುತ್ತಿದ್ದೆ. ಆದರೆ ಪೆಟ್ಟಿಗೆ ದೊಡ್ಡದಾದಷ್ಟೂ ನಾದ ಗಂಭೀರವಾಗುತ್ತದೆಂದು ಎಲ್ಲೋ ಓದಿದ್ದೆ. ಎರಡರಲ್ಲಿ ಒಂದಕ್ಕೆ ಮನೆಯ ಹಾಲಿನಲ್ಲೇ ಕೂತು, ದಪ್ಪ ಹಲಗೆಯ ಹೊಸ ಪೆಟ್ಟಿಗೆ ಕಟ್ಟಿದೆ. ಆನೆಮರಿ ಮಲಗಬಹುದಾದಂಥದ್ದು.

ಇದೇ ಹೊತ್ತಿಗೆ ನಾನು ಕೆಲಸ ಮಾಡುವ ನಕ್ಷೆ ಕಚೇರಿಯಲ್ಲಿ ವಿಭಾಗದ ಮುಖ್ಯಸ್ಥನ ಕುರ್ಚಿ ಖಾಲಿಯಾಯಿತು. ಅದರಲ್ಲಿ ಯಾರನ್ನು ಕೂರಿಸಬೇಕೆಂದು ಹೇಳುವವರು ನಮ್ಮ ಸಾಹೇಬರು. ಸಾಹೇಬರಿಗೆ ಹಳೇ ಸಂಗೀತ ಎಂದರೆ ಪ್ರಾಣ. "ಭಾನುವಾರ ಸಂಜೆ ಐದಕ್ಕೆ ಬನ್ನಿ ಸಾರ್, ಸಾಕ್ಷಾತ್ ಗಂಧರ್ವಗಾನ ಕೇಳಿಸ್ತೀನಿ" ಅಂದುಬಿಟ್ಟೆ.

ಹಾಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲವಾದ್ದರಿಂದ ಸಂಗೀತ ಕಛೇರಿಯನ್ನು ಅಂಗಳದಲ್ಲಿಟ್ಟೆ. ಮೊದಲ ಸ್ಪೀಕರು ಮರ್ಯಾದೆಯಿಂದ ಹೊರಬಂತು. ಎರಡನೆಯದು ಬಾಗಿಲಲ್ಲಿ ಸಿಕ್ಕಿಕೊಂಡಿತು. ನಾಲ್ಕು ಅಂಗುಲ ಹೆಚ್ಚಾಗಿತ್ತು.

"ನಕ್ಷೆ ಬರೆಯೋರು ನೀವು. ಬಾಗಿಲು ಅಳೀಲಿಲ್ವಾ?" ಅಂದಳು ಹೆಂಡತಿ.

"ಬಾಗಿಲು ನನ್ನ ವಿಭಾಗಕ್ಕೆ ಬರಲ್ಲ. ನಾನು ರಸ್ತೆ ಮಾತ್ರ."

ಅದು ಹಾಲಿನಲ್ಲೇ ಉಳಿಯಿತು. ಅದರ ತಂತಿಯನ್ನು ಕಿಟಕಿಯ ಸಂದಿಯಿಂದ ಎಳೆದು, ಅಂಗಳದ ಸ್ಟೂಲಿನ ಮೇಲಿದ್ದ ಆಂಪ್ಲಿಫೈಯರಿಗೆ ಅವಸರದಲ್ಲಿ ಸಿಕ್ಕಿಸಿದೆ.

ಐದಕ್ಕೆ ಸಾಹೇಬರು ಬಂದರು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬಂದರು. ಬೀದಿಯ ಹತ್ತು ಹನ್ನೆರಡು ಜನ ಬಂದು ಕೂತರು. ನಾನು ಸಣ್ಣದೊಂದು ಭಾಷಣ ಬಿಗಿದು ಸ್ವಿಚ್ಚು ಒತ್ತಿದೆ. "ಹೂಂ..." ಅಂತೊಂದು ಸದ್ದು. ಅಷ್ಟೇ.

"ಒಂದೇ ನಿಮಿಷ" ಎಂದು ಒಳಗೋಡಿದೆ. ಹಿಂದೆಯೇ ಹೆಂಡತಿ. ಮರ್ಯಾದೆ ಉಳಿಯಲೆಂದು ಬಾಗಿಲು ಭದ್ರವಾಗಿ ಹಾಕಿ, ಸ್ಪೀಕರಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಏನ್ರೀ ಆಯ್ತು?"

"ಎಲ್ಲೋ ತಂತಿ ತಪ್ಪಿದೆ. ನೀನು ಹೋಗಿ ಸಾಹೇಬರನ್ನ ಮಾತಾಡಿಸ್ತಿರು."

"ಆಗಲೇ ಸಂಗೀತದ ಬಗ್ಗೆ ಅರ್ಧ ಗಂಟೆ ಕೊರೆದ್ರು. ನನ್ನ ಕೈಲಾಗಲ್ಲ."

"ಆ ಮನುಷ್ಯನಿಗೆ ಸಂಗೀತ ಏನು ಗೊತ್ತು? ಕಿವಿ ಇರೋದೇ ಕನ್ನಡಕ ನಿಲ್ಲಿಸೋಕೆ. ಕುರ್ಚಿ ಸಿಗೋತನಕ ತಲೆಯಾಡಿಸು, ಸಾಕು."

"ಡ್ರಿಲ್ ಮೇಷ್ಟ್ರು ಆರನೇ ಬಿಸ್ಕತ್ತು ತಗೊಂಡ್ರು."

"ತಿನ್ನಲಿ ಬಿಡು. ಬಾಯಿ ತುಂಬಿದ್ದರೆ ಸೀಟಿ ಊದೋಕಾಗಲ್ಲ."

ಅವಳು ಬಗ್ಗಿ ಕೋನಿನ ಅಂಚನ್ನು ದಿಟ್ಟಿಸಿದಳು. "ರೀ, ಈ ಚರ್ಮದ ಮೇಲೆ ಹೂವಿದೆ. ನನ್ನ ಬ್ಯಾಗಿನ ಮೇಲೂ ಇಂಥದೇ ಹೂವು."

"ಹೂವು ಅಂದಮೇಲೆ ಎಲ್ಲಾ ಒಂದೇ ಥರ..."

ಅವಳಾಗಲೇ ಕಪಾಟಿನ ಮುಂದಿದ್ದಳು. ಚೀಲ ಹೊರಬಂತು. ಅದರ ಬೆನ್ನಿನಿಂದ ಪೇಪರು ಉದುರಿತು. ನಾನು ಹಾಗೇ ಮಂಡಿಯೂರಿದೆ.

"ತಪ್ಪಾಯ್ತು ಕಣೇ! ನಿನ್ನ ಕಾಲು ಹಿಡ್ಕೋತೀನಿ. ನಿಮ್ಮಣ್ಣನ ಉಡುಗೊರೆ ಇನ್ನು ಸಂಗೀತದಲ್ಲಿ ಅಮರ!"

"ಹದಿನೆಂಟು ವರ್ಷ ನಿಮಗೊಂದು ತಲೆ ಇದೆ ಅಂದ್ಕೊಂಡಿದ್ದೆ. ಅದೂ ಈ ಬ್ಯಾಗಿನ ಹಾಗೇ. ಮುಂದೆ ಹೂವು, ಒಳಗೆಲ್ಲಾ ರದ್ದಿ ಪೇಪರು!"

ಹೊರಗಿನಿಂದ ನಗುವಿನ ಅಲೆಯೊಂದು ಬಂದು ಬಾಗಿಲಿಗೆ ಬಡಿಯಿತು. ನಾನು ಬಾಗಿಲು ತೆರೆದೆ. ತೆರೆದೊಡನೆ ನನ್ನ ಬಾಗಿಲಿನ ಕಿರುಗುಟ್ಟುವಿಕೆಯೇ ಅಂಗಳದ ಸ್ಪೀಕರಿನಿಂದ ಗುಡುಗಿನಂತೆ ಹೊರಟಿತು.

ತಂತಿಯನ್ನು ನಾನು ಮೈಕಿನ ತೂತಿಗೆ ಸಿಕ್ಕಿಸಿದ್ದೆ. ಹಾಗೆ ತಿರುಗುಮುರುಗಾದರೆ ಸ್ಪೀಕರೇ ಮೈಕಾಗುತ್ತದೆ ಎಂದು ಆಮೇಲೆ ತಿಳಿಯಿತು. ಹಾಡಬೇಕಾದ ಪೆಟ್ಟಿಗೆ, ಆಲಿಸಿ ಚಾಡಿ ಹೇಳಿತ್ತು.

ಡ್ರಿಲ್ ಮೇಷ್ಟ್ರು ಕೈಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಗೆ ವಾಪಸಿಟ್ಟರು. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಎರಡೂ ಕಿವಿಗಳ ಮೇಲೆ ಜೋಪಾನವಾಗಿ ಕೂರಿಸಿಕೊಂಡರು.

"ಎಂಥ ಸ್ಪಷ್ಟತೆ ಕಣ್ರೀ! ಒಂದಕ್ಷರ ಬಿಟ್ಟುಹೋಗಲಿಲ್ಲ" ಅಂದರು.

ಸೋಮವಾರ ಆ ಕುರ್ಚಿ, ನನ್ನೆದುರು ಕೂತು ಚರಂಡಿ ನಕ್ಷೆ ಬರೆಯುವವನ ಪಾಲಾಯಿತು. ಹೆಂಡತಿ ಇಡೀ ವಾರ ಮಾತಾಡಲಿಲ್ಲ. (ಆ ವಾರ ಸ್ಪೀಕರಿಗೆ ಒಳ್ಳೆಯದಾಯಿತು.) ಒಂದೊಂದೇ ತಂತಿ ಪರೀಕ್ಷಿಸಿ, ಎಲ್ಲವನ್ನೂ ಸರಿಪಡಿಸಿದೆ.

ಮುಂದಿನ ಭಾನುವಾರ ಐದಕ್ಕೆ ಒಬ್ಬನೇ ಕೂತು ಕೇಳೋಣವೆಂದು ಅಂಗಳಕ್ಕೆ ಬಂದರೆ ಗೇಟಿನ ಸದ್ದು. ಡ್ರಿಲ್ ಮೇಷ್ಟ್ರು ತಮ್ಮದೇ ಕುರ್ಚಿ ಹೊತ್ತು ಬರುತ್ತಿದ್ದರು. ಅವರ ಹಿಂದೆ ಅರ್ಧ ಬೀದಿ. ಅದರ ಹಿಂದೆ ಸಾಹೇಬರು, ಈ ಸಲ ಹೆಂಡತಿ ಸಮೇತ.

ನನ್ನ ಕಣ್ಣು ತುಂಬಿಬಂತು. "ಬನ್ನಿ, ಬನ್ನಿ! ತಂತಿ ಸರಿಮಾಡಿದ್ದೀನಿ. ಇವತ್ತು ಸಂಗೀತ ಖಂಡಿತ."

ಮೇಷ್ಟ್ರ ಮುಖ ಇಳಿಯಿತು. "ಸರಿ ಮಾಡಿಬಿಟ್ರಾ? ಛೆ! ಸಂಗೀತ ಯಾರಿಗೆ ಬೇಕು ಸ್ವಾಮಿ?"

ಸಾಹೇಬರೇ ಮುಂದೆ ಬಂದರು. ತಂತಿ ಕಿತ್ತು, ಹುಡುಕಿ ಹುಡುಕಿ ಮೈಕಿನ ತೂತಿಗೆ ಸಿಕ್ಕಿಸಿದರು. "ಹೋಗ್ರೀ, ಒಳಗೆ ಹೋಗಿ. ಎಲ್ಲಾ ಕಾಯ್ತಿದಾರೆ."

ಅಷ್ಟರಲ್ಲಿ ಸ್ಪೀಕರಿನಿಂದ ಯಾರೋ ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು. ಜನ ಮುಂದಕ್ಕೆ ಬಾಗಿದರು. ಆಮೇಲೆ ವಾರದ ಮೊದಲ ಮಾತು ಇಡೀ ಬೀದಿಗೆ ಕೇಳಿಸಿತು:

"ಏನ್ರೀ, ಬರ್ತೀರೋ, ಇಲ್ಲಾ ನಾನೊಬ್ಬಳೇ ಶುರುಮಾಡಲೋ?"